ಎಲ್ಲರೂ ಬರುವ ಕೋಣೆಯಲ್ಲಿ ನನ್ನ ಪ್ರಾರ್ಥನೆ

ಭಾನುವಾರದ ಆರಾಧನೆಯ ಸಂದೇಶ, ಸಾರಕ್ಕಿ
ಆಧಾರ ವಾಕ್ಯಗಳು: ಯೋಹಾನ 4:19-24, ಅಪೊಸ್ತಲರ ಕೃತ್ಯಗಳು 19:8-10, ದಾನಿಯೇಲ 6:10

ದೇವರಿಗೆ ಸ್ತೋತ್ರ. ಈ ಬೆಳಿಗ್ಗೆ ಮತ್ತೆ ಆತನ ಸನ್ನಿಧಿಗೆ ನಮ್ಮನ್ನು ಕರೆತಂದ ದೇವರಿಗೆ ಮಹಿಮೆಯಾಗಲಿ. ಎಲ್ಲರೂ ಸತ್ಯವೇದ ತೆಗೆದುಕೊಳ್ಳಿ. ಮೊಬೈಲಲ್ಲಿ ಇರೋರು ಮೊಬೈಲಲ್ಲೇ ತೆಗೀರಿ, ಆದ್ರೆ ವಾಟ್ಸಾಪ್ ಮುಚ್ಚಿ. ಯೋಹಾನನ ಸುವಾರ್ತೆ ನಾಲ್ಕನೇ ಅಧ್ಯಾಯ. ಮನೆಗೆ ಹೋದಮೇಲೆ ಪೂರ್ತಿ ಅಧ್ಯಾಯ ಓದಿ. ಈಗ ಹತ್ತೊಂಬತ್ತರಿಂದ ಇಪ್ಪತ್ನಾಲ್ಕರವರೆಗೆ ಕಣ್ಣು ಹಾಯಿಸಿ.

ಈ ವರ್ಷ ನಮ್ಮ ಸಭೆಯಿಂದಲೇ ಕೆಲವು ಮಕ್ಕಳು ಓದೋದಕ್ಕೆ ಹೊರದೇಶಕ್ಕೆ ಹೊರಟಿದ್ದಾರೆ. ಕೆಲವರು ಈಗಾಗಲೇ ಹೋಗಿದ್ದಾರೆ. ಸಾರಕ್ಕಿ, ಜೆಪಿ ನಗರ, ಜಯನಗರದ ಕಡೆ ಪ್ರತಿ ರಸ್ತೆಯಲ್ಲೂ ಇಂಥ ಒಂದೆರಡು ಮನೆಗಳಿವೆ. ವೀಸಾಗೆ ಪ್ರಾರ್ಥನೆ ಮಾಡಿ ಪಾಸ್ಟರ್ ಅಂತ ಬರ್ತಾರೆ, ಎಜುಕೇಶನ್ ಲೋನ್‌ಗೆ ಪ್ರಾರ್ಥನೆ ಮಾಡಿ ಅಂತ ಬರ್ತಾರೆ. ದೇವರು ಬಾಗಿಲು ತೆರೆದಿದ್ದಾನೆ, ಸ್ತೋತ್ರ. ಆದ್ರೆ ಇತ್ತೀಚೆಗೆ ತಂದೆತಾಯಂದಿರು ಇನ್ನೊಂದು ಪ್ರಶ್ನೆ ತಂದಿದ್ದಾರೆ. "ಪಾಸ್ಟರ್, ಮಗಳ ಯೂನಿವರ್ಸಿಟಿಯಲ್ಲಿ ಒಂದು ಚಾಪೆಲ್ ಇದೆಯಂತೆ. ಒಳಗೆ ಶಿಲುಬೆ ಇಲ್ಲವಂತೆ. ಒಂದು ಹೊತ್ತು ಕ್ರೈಸ್ತರು, ಇನ್ನೊಂದು ಹೊತ್ತು ಬೇರೆ ಧರ್ಮದವರು ಬಂದು ಪ್ರಾರ್ಥಿಸ್ತಾರಂತೆ. ಅವಳು ಅಲ್ಲಿ ಹೋಗಿ ಕೂತು ಪ್ರಾರ್ಥನೆ ಮಾಡಬಹುದಾ? ಅದು ಪಾಪ ಆಗಲ್ವಾ?"

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಪ್ರಶ್ನೆಯ ಹಿಂದೆ ಒಂದು ಭಯ ಇದೆ. ಮಗು ನಂಬಿಕೆ ಕಳೆದುಕೊಂಡುಬಿಡುತ್ತಾ ಅನ್ನೋ ಭಯ. ಎಲ್ಲ ಒಂದೇ ಮಮ್ಮಿ ಅಂತ ಒಂದು ದಿನ ಫೋನಲ್ಲಿ ಹೇಳಿಬಿಡುತ್ತಾ ಅನ್ನೋ ಭಯ. ಹಾಗಾಗಿ ಈ ದಿನ ದೇವರ ವಾಕ್ಯದಿಂದಲೇ ಇದಕ್ಕೆ ಉತ್ತರ ಹುಡುಕೋಣ.

ಮೊದಲು ಇಂಥ ಚಾಪೆಲ್ ಅಂದ್ರೆ ಏನು ಅಂತ ತಿಳಿದುಕೊಳ್ಳಿ. ಒಂದು ಉದಾಹರಣೆ ಕೊಡ್ತೀನಿ. ಎಂಐಟಿ ಅಂತ ಇದೆ. ಮಣಿಪಾಲದ್ದಲ್ಲ, ಅಮೆರಿಕದ್ದು, ಬಾಸ್ಟನ್ ಪಕ್ಕದ ಕೇಂಬ್ರಿಡ್ಜ್ ಊರಲ್ಲಿರೋದು. ಅಲ್ಲಿ 1955ರಲ್ಲಿ ಒಂದು ಚಾಪೆಲ್ ಕಟ್ಟಿದ್ರು. ವಿನ್ಯಾಸ ಮಾಡಿದವರು ಈರೋ ಸಾರಿನೆನ್ ಅನ್ನೋ ವಾಸ್ತುಶಿಲ್ಪಿ. ಒರಟು ಇಟ್ಟಿಗೆಯ ದುಂಡನೆಯ ಕಟ್ಟಡ, ಸುಮಾರು 50 ಅಡಿ ಅಗಲ. ನಮ್ಮ ಹಳ್ಳಿಗಳ ಕಡೆ ಕಾಣೋ ಕಣಜದ ಹಾಗೆ ಅಂದುಕೊಳ್ಳಿ. ಗೋಡೆಯಲ್ಲಿ ನಾವು ನೋಡೋ ಥರದ ಕಿಟಕಿ ಇಲ್ಲ. ಸುತ್ತ ಕಡಿಮೆ ಆಳದ ನೀರಿನ ಕಾಲುವೆ. ಆ ನೀರಿನ ಮೇಲೆ ಬಿದ್ದ ಬೆಳಕು ಕೆಳಗಿನಿಂದ ಪ್ರತಿಫಲಿಸಿ ಒಳಗಿನ ಗೋಡೆ ಮೇಲೆ ಅಲೆಅಲೆಯಾಗಿ ಆಡುತ್ತೆ. ಮಧ್ಯದಲ್ಲಿ ಬಿಳೀ ಅಮೃತಶಿಲೆಯ ಒಂದು ಪೀಠ. ಅದರ ಮೇಲೆ, ಚಾವಣಿಯಲ್ಲಿ ಒಂದು ದುಂಡು ಬೆಳಕಿಂಡಿ. ಅಲ್ಲಿಂದ ಚಿಕ್ಕಚಿಕ್ಕ ಲೋಹದ ತುಂಡುಗಳು ಮಳೆಯ ಹಾಗೆ ಇಳಿಬಿದ್ದಿವೆ, ಹ್ಯಾರಿ ಬರ್ಟೋಯಾ ಅನ್ನೋ ಶಿಲ್ಪಿ ಮಾಡಿದ್ದು. ಅಷ್ಟೇ. ಯಾವುದೇ ಒಂದು ಧರ್ಮಕ್ಕೆ ಅಂತ ಮೀಸಲಿಟ್ಟ ಜಾಗ ಅಲ್ಲ ಅದು. ಬೇರೆ ಬೇರೆ ನಂಬಿಕೆಯ ವಿದ್ಯಾರ್ಥಿಗಳಿಗೆ ಅಂತಲೇ ಇರೋದು. ಸುಮ್ಮನೆ ಕೂರಬೇಕು ಅನ್ನೋರೂ ಬರಬಹುದು.

ಈಗ ಆ ತಾಯಂದಿರ ಪ್ರಶ್ನೆ. ಇಂಥ ಜಾಗದಲ್ಲಿ ನಮ್ಮ ಮಗು ಮೊಣಕಾಲೂರಬಹುದಾ? ಮೂರು ಮಾತು ಹೇಳ್ತೀನಿ. ಬರೆದುಕೊಳ್ಳೋರು ಬರೆದುಕೊಳ್ಳಿ.

ಮೊದಲನೆಯದು: ಜಾಗವನ್ನು ಪರಿಶುದ್ಧ ಮಾಡೋದು ಗೋಡೆ ಅಲ್ಲ.

ಸಮಾರ್ಯದ ಸ್ತ್ರೀ ಯೇಸುವಿನ ಹತ್ತಿರ ಕೇಳಿದ್ದು ಜಾಗದ ಪ್ರಶ್ನೆನೇ. ನಮ್ಮ ಹಿರಿಯರು ಈ ಬೆಟ್ಟದಲ್ಲಿ ಆರಾಧಿಸಿದ್ರು, ನೀವು ಯೆಹೂದ್ಯರು ಯೆರೂಸಲೇಮೇ ಸರಿಯಾದ ಜಾಗ ಅಂತೀರಿ, ಯಾವುದು ನಿಜ? ನಮ್ಮ ತಾಯಂದಿರು ಕೇಳ್ತಿರೋದೂ ಅದೇ ಅಲ್ವಾ? ಯೇಸು ಏನು ಮಾಡಿದ? ಎರಡು ಜಾಗದಲ್ಲಿ ಒಂದಕ್ಕೆ ಟಿಕ್ ಹಾಕಲಿಲ್ಲ. ಬೆಟ್ಟವೂ ಅಲ್ಲ, ಪಟ್ಟಣವೂ ಅಲ್ಲ ಅನ್ನೋ ಕಾಲ ಬಂದಿದೆ ಅಂದ. ತಂದೆ ಹುಡುಕ್ತಿರೋದು ಕಟ್ಟಡವನ್ನಲ್ಲ, ಆತ್ಮದಿಂದಲೂ ಸತ್ಯದಿಂದಲೂ ಆರಾಧಿಸೋ ಮನುಷ್ಯರನ್ನು ಅಂತ ತಿಳಿಸಿದ. ಆಮೆನ್ ಹೇಳ್ರಿ ಯಾರಾದ್ರೂ!

ಈಗ ಅಪೊಸ್ತಲರ ಕೃತ್ಯಗಳು ಹತ್ತೊಂಬತ್ತಕ್ಕೆ ಬನ್ನಿ. ಪೌಲ ಎಫೆಸದಲ್ಲಿದ್ದಾನೆ. ಮೂರು ತಿಂಗಳು ಸಭಾಮಂದಿರದಲ್ಲಿ ಧೈರ್ಯವಾಗಿ ಮಾತಾಡಿದ. ಆಮೇಲೆ ಅಲ್ಲಿ ವಿರೋಧ ಬಂತು. ಆಗ ಎಲ್ಲಿಗೆ ಹೋದ? ತುರನ್ನನ ತರ್ಕಶಾಲೆಗೆ. ತರ್ಕಶಾಲೆ ಅಂದ್ರೆ ಪಾಠ, ಉಪನ್ಯಾಸ ನಡೆಯೋ ಹಾಲ್. ಇವತ್ತಿನ ಭಾಷೆಯಲ್ಲಿ ಕಾಲೇಜಿನ ಲೆಕ್ಚರ್ ಹಾಲ್ ಅನ್ನಿ. ತುರನ್ನ ವಿಶ್ವಾಸಿಯಾಗಿದ್ದ ಅಂತ ವಾಕ್ಯ ಎಲ್ಲೂ ಹೇಳೋದಿಲ್ಲ. ಪೌಲನೇನು ಮೊದಲು ಆ ಹಾಲ್ ಖರೀದಿ ಮಾಡ್ತೀನಿ, ಆಮೇಲೆ ದೇವರ ಕೆಲಸ ಅಂತ ಕೂರಲಿಲ್ಲ. ದಿನಾ ಹೋದ. ಎರಡು ವರ್ಷ ಹೋದ. ಫಲ ಏನಾಯ್ತು? ಆಸ್ಯ ಸೀಮೆಯಲ್ಲಿದ್ದ ಯೆಹೂದ್ಯರೂ ಗ್ರೀಕರೂ ಕರ್ತನ ವಾಕ್ಯ ಕೇಳಿದ್ರು. ಇನ್ನೊಬ್ಬನ ಹಾಲ್‌ನಲ್ಲಿ, ಪ್ರಿಯರೇ! ಹಂಚಿಕೊಂಡ ಹಾಲ್‌ನಲ್ಲಿ!

ಇನ್ನು ನಮ್ಮ ಪೆಂತೆಕೋಸ್ತು ಚರಿತ್ರೆ ನೋಡಿ. 1906ರಲ್ಲಿ ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಲ್ಲಿ ಪವಿತ್ರಾತ್ಮನ ಸುರಿಸುವಿಕೆ ಆಯ್ತಲ್ಲ, ಅಲ್ಲಿ ಏನು ಕಟ್ಟಡ ಇತ್ತು? ಹಿಂದೆ ಒಂದು ಮೆಥಡಿಸ್ಟ್ ಸಭೆಯಾಗಿದ್ದು, ಆಮೇಲೆ ಕುದುರೆ ಲಾಯ, ಸಾಮಾನು ಇಡೋ ಜಾಗ ಆಗಿಹೋಗಿದ್ದ ಮರದ ಕಟ್ಟಡ. ಮುಂದೆ ನಿಂತು ನಡೆಸಿದವರು ವಿಲಿಯಂ ಸೀಮೋರ್, ಒಂದು ಕಾಲದಲ್ಲಿ ಗುಲಾಮರಾಗಿದ್ದ ತಂದೆತಾಯಿಯ ಮಗ. ಕರಿಯರೂ ಬಿಳಿಯರೂ ಒಟ್ಟಿಗೆ ಕೂರೋದನ್ನೇ ಸಹಿಸದಿದ್ದ ಕಾಲದಲ್ಲಿ ಅವರೆಲ್ಲ ಅಲ್ಲಿ ಒಟ್ಟಿಗೆ ಮೊಣಕಾಲೂರಿದ್ರು. ಈ ಜಾಗದಲ್ಲಿ ಕುದುರೆ ಇದ್ದವಲ್ಲ, ನಾನು ಬರೋದಿಲ್ಲ ಅಂತ ಪವಿತ್ರಾತ್ಮ ಹೇಳಲಿಲ್ಲ. ಹಲ್ಲೆಲೂಯಾ!

ಅಷ್ಟು ದೂರ ಯಾಕೆ? ನಾವು ಈಗ ಕೂತಿರೋ ಈ ಹಾಲ್ ನೋಡಿ. ಬಾಗಿಲಲ್ಲಿ ಮಾವಿನೆಲೆ ತೋರಣ ಇನ್ನೂ ಹಸಿರಾಗಿದೆ. ನಿನ್ನೆ ಇಲ್ಲಿ ಒಂದು ನಾಮಕರಣ ಆಯ್ತು. ನಮ್ಮ ಯೌವನಸ್ಥರು ಬೆಳಿಗ್ಗೆ ಆರಕ್ಕೆ ಬಂದು ಗುಡಿಸಿ, ಕುರ್ಚಿ ಹಾಕಿದ್ದಾರೆ. ಈ ಹಾಲ್‌ನ ಯಜಮಾನರು ನಮ್ಮ ನಂಬಿಕೆಯವರಲ್ಲ. ಬೇರೆ ಕಡೆ ಎಷ್ಟೋ ಸಲ, ಪ್ರಾರ್ಥನೆಗೆ ಅಂದ ತಕ್ಷಣ "ಜಾಗ ಇಲ್ಲ" ಅನ್ನೋ ಉತ್ತರ ಕೇಳಿದ್ದೀವಿ. ಈ ಮನುಷ್ಯ ಭಾನುವಾರ ತಗೊಳ್ಳಿ ಅಂದ್ರು. ನಿನ್ನೆ ಇಲ್ಲಿ ಬೇರೆ ಮಂತ್ರ ಹೇಳಿದ್ರು ಅಂತ ಇವತ್ತು ದೇವರ ಸನ್ನಿಧಿ ಇಲ್ಲಿ ಇಳಿಯಲಿಲ್ವಾ? ಬೆಳಿಗ್ಗೆ ಸ್ತುತಿ ಸಮಯದಲ್ಲಿ ಕಣ್ಣೀರು ಸುರಿಸಿದ್ರಲ್ಲ, ಅದು ಸುಳ್ಳಾ? ಅಲ್ಲ! ಇಬ್ಬರು ಮೂವರು ತನ್ನ ಹೆಸರಿನಲ್ಲಿ ಸೇರಿದ ಕಡೆ ತಾನು ಇರ್ತೀನಿ ಅಂತ ಮಾತು ಕೊಟ್ಟವನು ಯೇಸು. ಆ ಮಾತಿಗೆ ಆತ ಕಟ್ಟಡದ ಷರತ್ತು ಹಾಕಲಿಲ್ಲ.

ಹಾಗಾದ್ರೆ ಸಾರಕ್ಕಿಯ ಈ ಹಾಲ್‌ನಲ್ಲಿ ನಮಗೆ ಸರಿ ಅನಿಸೋದು ಬಾಸ್ಟನ್‌ನಲ್ಲಿರೋ ನಮ್ಮ ಮಗಳಿಗೆ ತಪ್ಪಾಗೋದು ಹೇಗೆ? ಅಮ್ಮಂದಿರೇ, ಕಳವಳ ಬೇಡ. ಅವಳು ಒಳಗೆ ಹೋಗಲಿ. ಮೊಣಕಾಲೂರಲಿ. ಯೇಸುವಿನ ಹೆಸರಲ್ಲಿ ಪ್ರಾರ್ಥಿಸಲಿ.

ಆದ್ರೆ ಇಲ್ಲಿಗೇ ನಿಲ್ಲಿಸಿದ್ರೆ ನಾನು ಅರ್ಧ ವಾಕ್ಯ ಬೋಧಿಸಿದ ಹಾಗಾಗುತ್ತೆ.

ಎರಡನೆಯದು: ಕೋಣೆ ಹಂಚಿಕೊಳ್ಳಿ, ಆರಾಧನೆಯನ್ನು ಬೆರೆಸಬೇಡಿ.

ಮತ್ತೆ ಬಾವಿಯ ಹತ್ತಿರಕ್ಕೆ ಹೋಗೋಣ. ಯೋಹಾನ ನಾಲ್ಕು, ಇಪ್ಪತ್ತೆರಡನೇ ವಚನವನ್ನು ತುಂಬಾ ಜನ ಹಾರಿಸಿಬಿಡ್ತಾರೆ. ಜಾಗ ಮುಖ್ಯ ಅಲ್ಲ ಅಂತ ಹೇಳಿದ ಯೇಸು, ಅದೇ ಉಸಿರಿನಲ್ಲಿ ರಕ್ಷಣೆ ಎಲ್ಲಿಂದ ಬರುತ್ತೆ ಅನ್ನೋದನ್ನೂ ಸ್ಪಷ್ಟವಾಗಿ ಹೇಳಿದ. ಆ ಹೆಂಗಸಿಗೆ ಬೇಜಾರಾಗುತ್ತೆ ಅಂತ ಸತ್ಯ ಮುಚ್ಚಿಡಲಿಲ್ಲ. ಹಾಗಂತ ಸತ್ಯ ಹೇಳೋ ನೆಪದಲ್ಲಿ ಅವಳನ್ನು ಅವಮಾನ ಮಾಡಲೂ ಇಲ್ಲ. ಮೊದಲು ಅವಳ ಹತ್ತಿರ ಕುಡಿಯೋಕೆ ನೀರು ಕೇಳಿದ! ಯೆಹೂದ್ಯನೊಬ್ಬ ಸಮಾರ್ಯದವಳ ಕೊಡದ ನೀರು ಕೇಳೋದು ಆ ಕಾಲಕ್ಕೆ ಎಷ್ಟು ದೊಡ್ಡ ಮಾತು ಅಂತ, ಬೇರೆ ಲೋಟ ಇಡೋ ಪದ್ಧತಿಯನ್ನು ಕಂಡಿರೋ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಪ್ರೀತಿಯೂ ಇತ್ತು, ಸತ್ಯವೂ ಇತ್ತು. ಒಂದನ್ನು ಬಿಟ್ಟು ಇನ್ನೊಂದು ಇರಲಿಲ್ಲ.

ನಮ್ಮಲ್ಲಿ ಶಾಲೆ ಕಾಲೇಜುಗಳಲ್ಲಿ ಸರ್ವಧರ್ಮ ಪ್ರಾರ್ಥನೆ ಅಂತ ಮಾಡ್ತಾರೆ. ಒಂದೇ ವೇದಿಕೆಯಲ್ಲಿ ಎಲ್ಲರ ಪ್ರಾರ್ಥನೆಯನ್ನೂ ಒಂದಾದ ಮೇಲೊಂದು ಹೇಳ್ತಾರೆ. ಅದು ಬೇರೆ. ನಾನು ಹೇಳ್ತಿರೋದು ಒಂದು ಕೋಣೆಯನ್ನು ಹಂಚಿಕೊಳ್ಳೋದರ ಬಗ್ಗೆ. ಮಗನೇ, ಮಗಳೇ, ನಿನ್ನ ಪಕ್ಕದಲ್ಲಿ ಒಬ್ಬಳು ಮುಸ್ಲಿಂ ಹುಡುಗಿ ನಮಾಜ್ ಮಾಡಲಿ, ಒಬ್ಬ ಹಿಂದೂ ಹುಡುಗ ಕಣ್ಣು ಮುಚ್ಚಿ ಧ್ಯಾನ ಮಾಡಲಿ. ನೀನು ನಿನ್ನ ಕರ್ತನ ಜೊತೆ ಮಾತಾಡು. ಅವರು ನಿನ್ನ ಪ್ರಾರ್ಥನೆ ಮಾಡಬೇಕಾಗಿಲ್ಲ, ನೀನು ಅವರ ಪ್ರಾರ್ಥನೆ ಮಾಡಬೇಕಾಗಿಲ್ಲ. ಅದರಲ್ಲಿ ಕಪಟವೂ ಇಲ್ಲ, ಜಗಳವೂ ಇಲ್ಲ.

ಇದಕ್ಕೆ ಸತ್ಯವೇದದಲ್ಲಿ ಒಬ್ಬ ವಿದ್ಯಾರ್ಥಿ ಇದ್ದಾನೆ. ಯಾರು ಹೇಳಿ? ದಾನಿಯೇಲ! ಅವನನ್ನು ಹೊರದೇಶದಲ್ಲಿ ಓದಿದ ಹುಡುಗ ಅಂತ ನಾವು ಯೋಚಿಸೋದೇ ಇಲ್ಲ. ಮೊದಲನೇ ಅಧ್ಯಾಯ ಓದಿ. ಬಾಬೆಲಿನ ಅರಮನೆಯಲ್ಲಿ ಮೂರು ವರ್ಷದ ಕೋರ್ಸು. ಕಸ್ದೀಯರ ಭಾಷೆ, ಕಸ್ದೀಯರ ಸಾಹಿತ್ಯ. ಹೆಸರು ಕೂಡ ಬದಲಾಯಿಸಿಬಿಟ್ರು. ಅಲ್ಲಿ ದೇವಾಲಯ ಇಲ್ಲ, ಯೂತ್ ಮೀಟಿಂಗ್ ಇಲ್ಲ, ಪಾಸ್ಟರ್ ಇಲ್ಲ, ಅಮ್ಮ ಇಲ್ಲ. ದಾನಿಯೇಲ ಪಾಠ ಬೇಡ ಅನ್ನಲಿಲ್ಲ, ಚೆನ್ನಾಗಿ ಕಲಿತ. ಎಲ್ಲಿ ಗೆರೆ ಎಳೀಬೇಕೋ ಅಲ್ಲಿ ಎಳೆದ. ರಾಜನ ಊಟ ಬೇಡ ಅಂದ. ಅದನ್ನೂ ಹೇಗೆ ಅಂದ? ತಟ್ಟೆ ಎಸೆದು ಅಲ್ಲ. ಮೇಲ್ವಿಚಾರಕನ ಹತ್ತಿರ ವಿನಯವಾಗಿ ಕೇಳಿಕೊಂಡ, ಹತ್ತು ದಿನ ಪರೀಕ್ಷೆ ಮಾಡಿ ನೋಡಿ ಅಂದ. ಗೆರೆ ಗಟ್ಟಿ, ಮಾತು ಮೃದು. ಆಮೇಲೆ ಆರನೇ ಅಧ್ಯಾಯದಲ್ಲಿ, ವಯಸ್ಸಾದಮೇಲೂ, ತನ್ನ ಕೋಣೆಯ ಕಿಟಕಿ ಯೆರೂಸಲೇಮಿನ ಕಡೆ ತೆರೆದು ದಿನಕ್ಕೆ ಮೂರು ಸಲ ಮೊಣಕಾಲೂರ್ತಿದ್ದ. ಅದು ಅವನ ಹಳೇ ಅಭ್ಯಾಸ ಅಂತ ವಾಕ್ಯ ಹೇಳುತ್ತೆ. ಅಭ್ಯಾಸ, ಪ್ರಿಯರೇ! ಸಿಂಹದ ಗವಿಯ ದಿನ ಹೊಸದಾಗಿ ಶುರು ಮಾಡಿದ್ದಲ್ಲ.

ಈಗ ಆ ಚಾಪೆಲ್‌ನ ಖಾಲಿ ಪೀಠವನ್ನು ನೆನಪಿಸಿಕೊಳ್ಳಿ. ಆ ಬಿಳೀ ಕಲ್ಲು ಬಂದ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳುತ್ತೆ ಅನಿಸುತ್ತೆ ನನಗೆ: ನೀನು ಏನು ತಂದಿದ್ದೀಯ? ನಮ್ಮ ಸಭೆಯಲ್ಲಿ ಸ್ತುತಿ ತಂಡ ಇದೆ, ಡ್ರಮ್ಸ್ ಇದೆ, ಕೀಬೋರ್ಡ್ ಇದೆ, ನಾನು ಎದ್ದು ನಿಲ್ಲಿ ಅಂದ್ರೆ ನಿಲ್ತೀರಿ, ಆಮೆನ್ ಹೇಳಿ ಅಂದ್ರೆ ಹೇಳ್ತೀರಿ. ಅಲ್ಲಿ ಯಾರೂ ಹೇಳೋದಿಲ್ಲ. ನಿನ್ನೊಳಗೆ ಏನಿದೆಯೋ ಅದಷ್ಟೇ ಅಲ್ಲಿ ಹೊರಗೆ ಬರುತ್ತೆ. ದಾನಿಯೇಲ ಬಾಬೆಲಿಗೆ ಕಟ್ಟಡ ಹೊತ್ತುಕೊಂಡು ಹೋಗಲಿಲ್ಲ, ಪ್ರಾರ್ಥನೆಯ ಅಭ್ಯಾಸ ಹೊತ್ತುಕೊಂಡು ಹೋದ. ತಂದೆತಾಯಂದಿರೇ, ಸೂಟ್‌ಕೇಸಿಗೆ ಚಟ್ನಿಪುಡಿ, ಸಾರಿನಪುಡಿ, ಚಿಕ್ಕ ಕುಕ್ಕರ್ ಎಲ್ಲ ತುಂಬ್ತೀವಿ. 23 ಕೇಜಿ ದಾಟದ ಹಾಗೆ ಮನೆಯಲ್ಲೇ ತೂಕ ನೋಡ್ತೀವಿ. ಆ ಮಗುವಿಗೆ ಒಬ್ಬಂಟಿಯಾಗಿ ಅರ್ಧ ಗಂಟೆ ಪ್ರಾರ್ಥಿಸೋಕೆ ಬರುತ್ತಾ? ತಾನೇ ವಾಕ್ಯ ತೆರೆದು ಓದೋಕೆ ಬರುತ್ತಾ? ಇಲ್ಲ ಅಂದ್ರೆ, ಕೋಣೆಯಲ್ಲಿ ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದು ಅಪಾಯ ಅಲ್ಲ. ಅದಕ್ಕಿಂತ ದೊಡ್ಡ ಅಪಾಯ ಮನೆಯಿಂದಲೇ ಜೊತೆಗೆ ಹೋಗಿದೆ. ನಾವು ಖಾಲಿಯಾಗಿ ಕಳಿಸಿದ್ದೀವಿ.

ಸ್ವಲ್ಪ ಕಹಿ ಅನಿಸಬಹುದು. ಔಷಧ ಹಾಗೇ ಇರುತ್ತೆ. ಮುಂದೆ ಹೋಗೋಣ.

ಮೂರನೆಯದು: ನಿಮ್ಮ ನೆರಳು ಇನ್ನೊಬ್ಬರ ಮೇಲೆ ಬೀಳದಿರಲಿ.

ಅದೇ 1955ರಲ್ಲಿ, ಅದೇ ಬಾಸ್ಟನ್ ಹತ್ತಿರ, ವಾಲ್ತಮ್ ಅನ್ನೋ ಊರಲ್ಲಿ, ಇನ್ನೊಂದು ವಿಶ್ವವಿದ್ಯಾಲಯ ಬೇರೆ ಥರ ಯೋಚಿಸಿತು. ಬ್ರ್ಯಾಂಡೈಸ್ ವಿಶ್ವವಿದ್ಯಾಲಯ. 1948ರಲ್ಲಿ ಅದನ್ನು ಕಟ್ಟಿದವರು ಅಮೆರಿಕದ ಯೆಹೂದ್ಯ ಸಮುದಾಯದವರು. ಅದಕ್ಕೂ ಮುಂಚೆ ಎಷ್ಟೋ ದೊಡ್ಡ ಕಾಲೇಜುಗಳಲ್ಲಿ ಯೆಹೂದ್ಯ ಮಕ್ಕಳನ್ನು ಇಷ್ಟೇ ಜನ ಅಂತ ಮಿತಿ ಹಾಕಿ ಸೇರಿಸಿಕೊಳ್ತಿದ್ರು. ಬಾಗಿಲಲ್ಲಿ ನಿಲ್ಲಿಸಿಕೊಂಡ ಜನ ಅವರು. ಅಂಥವರು ತಮ್ಮದೇ ವಿಶ್ವವಿದ್ಯಾಲಯ ಕಟ್ಟಿದಾಗ ಏನು ಮಾಡಬಹುದಿತ್ತು? ಇದು ನಮ್ಮದು, ನೀವು ಆಚೆ ಇರಿ ಅನ್ನಬಹುದಿತ್ತು. ಹಾಗೆ ಮಾಡಲಿಲ್ಲ. ಎಲ್ಲರನ್ನೂ ಸೇರಿಸಿಕೊಂಡ್ರು. ಕ್ಯಾಂಪಸ್ಸಿನಲ್ಲಿ ಮೂರು ಚಾಪೆಲ್ ಕಟ್ಟಿದ್ರು. ಯೆಹೂದ್ಯರಿಗೆ ಒಂದು, ಕಥೋಲಿಕರಿಗೆ ಒಂದು, ಪ್ರಾಟೆಸ್ಟೆಂಟರಿಗೆ ಒಂದು. ವಾಸ್ತುಶಿಲ್ಪಿ ಮ್ಯಾಕ್ಸ್ ಅಬ್ರಮೊವಿಟ್ಸ್. ಮಧ್ಯದಲ್ಲಿ ಒಂದು ಕೊಳ, ಸುತ್ತ ಈ ಮೂರು ಕಟ್ಟಡ. ಇವುಗಳನ್ನು ನಿಲ್ಲಿಸಿದ ರೀತಿ ಕೇಳಿ: ಒಂದರ ನೆರಳು ಇನ್ನೊಂದರ ಮೇಲೆ ಬೀಳದ ಹಾಗೆ.

ಹಾಗೆ ನಿಲ್ಲಿಸಬೇಕಾದ್ರೆ ಮೊದಲು ಸೂರ್ಯ ಎಲ್ಲಿ ಹುಟ್ತಾನೆ, ಎಲ್ಲಿ ಮುಳುಗ್ತಾನೆ ಅಂತ ನೋಡಬೇಕು. ನನ್ನ ಕಟ್ಟಡ ಎಷ್ಟು ಎತ್ತರ, ಅದರ ನೆರಳು ಎಲ್ಲಿವರೆಗೆ ಚಾಚುತ್ತೆ ಅಂತ ಲೆಕ್ಕ ಹಾಕಬೇಕು. ಬೆಂಗಳೂರಲ್ಲಿ ಸೈಟ್ ಕಟ್ಟಿದವರಿಗೆ ಗೊತ್ತು, ಪಕ್ಕದವರು ಗೋಡೆಗೆ ಗೋಡೆ ಹಚ್ಚಿ ನಾಲ್ಕು ಮಹಡಿ ಎಬ್ಬಿಸಿದ್ರೆ ನಮ್ಮ ಅಡುಗೆಮನೆಗೆ ಮಧ್ಯಾಹ್ನವೂ ಲೈಟ್ ಹಾಕಬೇಕು. ನಂಬಿಕೆಯಲ್ಲೂ ಹಾಗೇ. ನಾನು ನನ್ನ ದೇವರಿಗೆ ಎತ್ತರವಾಗಿ ಕಟ್ಟಬಹುದು. ಆದ್ರೆ ನನ್ನ ನೆರಳಲ್ಲಿ ಪಕ್ಕದವನ ಮನೆ ಕತ್ತಲಾಗಬಾರದು.

ಮಾರ್ಕ ಹನ್ನೊಂದರಲ್ಲಿ ಯೇಸು ದೇವಾಲಯದಲ್ಲಿ ಮೇಜುಗಳನ್ನು ಕೆಡವಿದ್ದು ನಿಮಗೆ ಗೊತ್ತು. ಆ ವ್ಯಾಪಾರ ನಡೀತಿದ್ದದ್ದು ಅನ್ಯಜನರ ಅಂಗಳದಲ್ಲಿ ಅಂತ ವೇದಪಂಡಿತರು ವಿವರಿಸ್ತಾರೆ. ಅನ್ಯಜನರಿಗೆ ಆ ದೇವಾಲಯದಲ್ಲಿ ಇದ್ದದ್ದು ಅದೊಂದೇ ಜಾಗ. ಅಲ್ಲಿ ಪಾರಿವಾಳದ ಅಂಗಡಿ, ನಾಣ್ಯ ಬದಲಾಯಿಸೋ ಮೇಜು! ದೂರದಿಂದ ಬಂದವನು ಎಲ್ಲಿ ನಿಂತು ಪ್ರಾರ್ಥಿಸಬೇಕು? ಯೇಸು ಆಗ ನೆನಪಿಸಿದ್ದು ಯೆಶಾಯನ ಮಾತನ್ನು, ಈ ಆಲಯ ಎಲ್ಲಾ ಜನಾಂಗಗಳ ಪ್ರಾರ್ಥನೆಗಾಗಿ ಇರೋದು ಅಂತ. ಅದಕ್ಕೂ ಮುಂಚೆ ಸೊಲೊಮೋನ ಆ ಆಲಯವನ್ನು ಪ್ರತಿಷ್ಠೆ ಮಾಡಿದ ದಿನವೇ ಪರದೇಶಿಗಾಗಿ ಬೇಡಿಕೊಂಡಿದ್ದ. ಒಂದನೇ ಅರಸುಗಳು ಎಂಟು, ನಲವತ್ತೊಂದರಿಂದ ನಲವತ್ಮೂರು. ದೂರದೇಶದಿಂದ ಬಂದ ಅನ್ಯನು ಈ ಕಡೆ ತಿರುಗಿ ಪ್ರಾರ್ಥಿಸಿದ್ರೆ ಅವನ ಮಾತನ್ನೂ ಕೇಳು ಅಂತ. ನಮ್ಮ ದೇವರ ಮನೆಯ ಪ್ಲಾನಿನಲ್ಲೇ ಹೊರಗಿನವನಿಗೆ ಜಾಗ ಇತ್ತು!

ನಮ್ಮ ಕರ್ನಾಟಕದಲ್ಲೂ ಇದರ ಒಂದು ಸೊಗಸಾದ ಉದಾಹರಣೆ ಇದೆ. ಮಂಗಳೂರಿನ ಬಾವುಟಗುಡ್ಡದಲ್ಲಿ, 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್. ಈಗ ಆ ಸಂಸ್ಥೆ ಡೀಮ್ಡ್ ವಿಶ್ವವಿದ್ಯಾಲಯ. ಇಟಲಿಯಿಂದ ಬಂದ ಆಂತೋನಿಯೋ ಮೊಸ್ಕೇನಿ ಅನ್ನೋ ಜೆಸ್ವಿತ್ ಸಹೋದರರು 1899ರಿಂದ 1901ರವರೆಗೆ ಅದರ ಗೋಡೆ, ಚಾವಣಿಗಳಿಗೆಲ್ಲ ಚಿತ್ರ ಬರೆದ್ರು. ಅದು ಕಥೋಲಿಕ ಚಾಪೆಲ್, ಹೌದು. ಎಂಐಟಿಯ ಹಾಗೆ ಖಾಲಿ ಅಲ್ಲ, ಒಂದು ಗೇಣು ಜಾಗ ಬಿಡದ ಹಾಗೆ ಚಿತ್ರ ಇದೆ. ತನ್ನ ನಂಬಿಕೆ ಏನು ಅನ್ನೋದನ್ನು ಅದು ಮುಚ್ಚಿಡೋದಿಲ್ಲ. ಆದ್ರೂ ಎಲ್ಲ ಧರ್ಮದ ಜನ ಅಲ್ಲಿಗೆ ಬರ್ತಾರೆ. ತಲೆ ಎತ್ತಿ ನೋಡ್ತಾರೆ, ಒಂದು ಘಳಿಗೆ ಸುಮ್ಮನೆ ನಿಲ್ತಾರೆ, ಹೋಗ್ತಾರೆ. ಕಥೋಲಿಕರಿಗೂ ನಮಗೂ ಉಪದೇಶದಲ್ಲಿ ವ್ಯತ್ಯಾಸಗಳಿವೆ, ಅದು ನಿಮಗೆ ಗೊತ್ತು. ಆದ್ರೆ ಒಂದನ್ನು ಕಲಿಯೋಣ. ನಿನ್ನ ನಂಬಿಕೆ ಗೋಡೆ ತುಂಬಾ ಬರೆದಿರಲಿ, ಬಾಗಿಲು ಮಾತ್ರ ತೆರೆದಿರಲಿ.

ಖಾಲಿ ಗೋಡೆಯ ಒಂದೇ ಕೋಣೆ, ಅಥವಾ ನೆರಳು ಬೀಳದ ಮೂರು ಕಟ್ಟಡ, ಅಥವಾ ಚಿತ್ರ ತುಂಬಿದ ಗೋಡೆಗೆ ತೆರೆದ ಬಾಗಿಲು. ಮೂರೂ ಬೇರೆ ಬೇರೆ ಉತ್ತರಗಳು. 1955ರಲ್ಲಿ ಮೂರು ಚಾಪೆಲ್ ಸಾಕು ಅಂದುಕೊಂಡ್ರು. ಇವತ್ತು ಅಂಥ ಕ್ಯಾಂಪಸ್‌ಗಳಲ್ಲಿ ಹಿಂದೂ, ಮುಸ್ಲಿಂ, ಸಿಖ್, ಬೌದ್ಧ, ಜೈನ ಮಕ್ಕಳೂ ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಕಟ್ಟಡ ಕಟ್ಟೋದು ಎಲ್ಲಿ ಸಾಧ್ಯ? ಅದಕ್ಕೇ ಒಂದೇ ಕೋಣೆಯನ್ನು ಸಮಯ ಹಂಚಿಕೊಂಡು ಬಳಸೋದು. ನಮ್ಮ ಬೆಂಗಳೂರಲ್ಲಿ ಒಂದೇ ಚರ್ಚಿನಲ್ಲಿ ಬೆಳಿಗ್ಗೆ ತಮಿಳು ಆರಾಧನೆ, ಆಮೇಲೆ ಕನ್ನಡ, ಆಮೇಲೆ ಇಂಗ್ಲಿಷ್ ನಡೆಯೋದನ್ನು ನೀವು ನೋಡಿದ್ದೀರಿ. ಮೊದಲಿನವರು ಹತ್ತು ನಿಮಿಷ ಲೇಟ್ ಮಾಡಿದ್ರೆ ಹೊರಗೆ ಬಿಸಿಲಲ್ಲಿ ನಿಂತವರ ಮುಖ ಹೇಗಾಗುತ್ತೆ ಅನ್ನೋದನ್ನೂ ನೋಡಿದ್ದೀರಿ. ವಿಶ್ವಾಸಿಗಳ ಮಧ್ಯೆಯೇ ಇಷ್ಟು ಕಷ್ಟ!

ಹಾಗಾಗಿ ಯೌವನಸ್ಥರೇ, ಈಗ ನಿಮಗೆ ನೇರವಾಗಿ ಹೇಳ್ತೀನಿ. ಆ ಚಾಪೆಲ್‌ಗೆ ಹೋದ್ರೆ ನಿಮ್ಮ ಸಮಯ ಯಾವುದು ಅಂತ ಕೇಳಿ ತಿಳ್ಕೊಳ್ಳಿ. ಸಮಯಕ್ಕೆ ಮುಗಿಸಿ. ಕುರ್ಚಿ ಸರಿಸಿದ್ರೆ ಮೊದಲಿನ ಹಾಗೆ ಇಟ್ಟು ಬನ್ನಿ. ಗಿಟಾರ್ ತಂದಿದ್ರೆ ತಗೊಂಡು ಹೋಗಿ. ಇನ್ನೊಬ್ಬರು ಮೌನವಾಗಿ ಕೂತಿರೋವಾಗ ದೊಡ್ಡ ದನಿ ಬೇಡ. "ಪಾಸ್ಟರ್, ಆತ್ಮನು ಬಂದಾಗ ತಡೆಯೋಕೆ ಆಗಲ್ಲ" ಅಂತ ನೀವು ಹೇಳಬಹುದು. ಗಲಾತ್ಯ ಐದು, ಇಪ್ಪತ್ತೆರಡು ಇಪ್ಪತ್ಮೂರು ಓದಿ. ಆತ್ಮನ ಫಲದಲ್ಲಿ ಕೊನೆಯದು ಯಾವುದು? ಶಮೆದಮೆ. ತನ್ನನ್ನು ತಾನು ಹತೋಟಿಯಲ್ಲಿ ಇಟ್ಟುಕೊಳ್ಳೋದು. ಹನ್ನಳು ದೇವಾಲಯದಲ್ಲಿ ತುಟಿ ಮಾತ್ರ ಅಲುಗಾಡಿಸಿ ಪ್ರಾರ್ಥಿಸಿದಳು, ಶಬ್ದವೇ ಬರಲಿಲ್ಲ. ದೇವರಿಗೆ ಕೇಳಿಸಲಿಲ್ವಾ? ಸಮುವೇಲ ಹುಟ್ಟಿದ!

ಯಾರಾದ್ರೂ ನಿನ್ನ ನಂಬಿಕೆ ಏನು ಅಂತ ಕೇಳಿದ್ರೆ ನಾಚಿಕೆ ಪಡಬೇಡ, ಹೇಳು. ಒಂದನೇ ಪೇತ್ರ ಮೂರು, ಹದಿನೈದರಲ್ಲಿ ಉತ್ತರ ಕೊಡೋಕೆ ಸಿದ್ಧವಾಗಿರಬೇಕು ಅಂತಿದೆ, ಜೊತೆಗೆ ಸಾತ್ವಿಕವಾಗಿ ಕೊಡಬೇಕು ಅಂತಲೂ ಇದೆ. ಅವರು ಪ್ರಾರ್ಥಿಸ್ತಿರೋವಾಗ ಕೈಗೆ ಕರಪತ್ರ ತುರುಕೋದು ಸಾಕ್ಷಿ ಅಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಜ್ವರ ಬಂದ ಆ ಮುಸ್ಲಿಂ ಹುಡುಗಿಗೆ ಗಂಜಿ ಮಾಡಿಕೊಡು. ಅದು ಸಾಕ್ಷಿ. ಇನ್ನೊಂದು ಮಾತು. ಕ್ಯಾಂಪಸ್ ಚಾಪೆಲ್ ಇದೆ ಅಂತ ಭಾನುವಾರದ ಸಭೆ ಬಿಡಬೇಡ. ಸಭೆಯಾಗಿ ಕೂಡೋದನ್ನು ಬಿಟ್ಟುಬಿಡಬಾರದು ಅಂತ ಇಬ್ರಿಯ ಹತ್ತು, ಇಪ್ಪತ್ತೈದರಲ್ಲಿದೆ. ಚಾಪೆಲ್ ನಿನ್ನ ಪ್ರಾರ್ಥನೆಯ ಕೋಣೆ ಆಗಬಹುದು. ನಿನ್ನನ್ನು ತಿದ್ದೋರು, ನಿನ್ನ ಜೊತೆ ರೊಟ್ಟಿ ಮುರಿಯೋರು ಸಭೆಯಲ್ಲಿರ್ತಾರೆ. ಹೋದ ಮೊದಲನೇ ವಾರವೇ ಹುಡುಕಿಕೋ.

ಈಗ ಇಲ್ಲೇ ಉಳಿಯೋ ನಮಗೆ. ಅಮೆರಿಕದಲ್ಲಿ ನಮ್ಮ ಮಗುವಿಗೆ ಪ್ರಾರ್ಥನೆಗೆ ಜಾಗ ಸಿಗಬೇಕು ಅಂತ ಆಸೆ ಪಡ್ತೀವಿ. ಅಲ್ಲಿ ಅವಳು ಚಿಕ್ಕ ಗುಂಪು, ಅಲ್ಪಸಂಖ್ಯಾತಳು, ಪರದೇಶಿ. ಯಾರೋ ಒಬ್ಬರು ಅವಳಿಗಾಗಿ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ನಮಗೂ ಈ ಹಾಲ್‌ನ ಬಾಗಿಲನ್ನು ಒಬ್ಬರು ತೆರೆದುಕೊಟ್ಟಿದ್ದಾರೆ. ನಮ್ಮ ಕೈಯಲ್ಲಿ ಬೀಗದ ಕೈ ಇದ್ದಾಗ ನಾವು ಏನು ಮಾಡ್ತೀವಿ? ನಮ್ಮ ವಿಶ್ವಾಸಿಗಳಲ್ಲೂ ಬಾಡಿಗೆ ಮನೆ ಇರೋರು ಇದ್ದಾರೆ. "ಯಾವ ಜನ?" ಅಂತ ಕೇಳಿ, ಹೆಸರು ಕೇಳಿದ ತಕ್ಷಣ "ಮನೆ ಖಾಲಿ ಇಲ್ಲ" ಅಂತೀವಾ? ಆ ಮಾತು ನಮ್ಮ ಕಿವಿಗೆ ಬಿದ್ದಾಗ ಎಷ್ಟು ನೋವಾಗಿತ್ತು ನೆನಪಿದೆಯಾ? ಬೇರೆಯವರು ನಮಗೆ ಏನು ಮಾಡಬೇಕು ಅಂತ ಬಯಸ್ತೀವೋ ಅದನ್ನೇ ನಾವು ಅವರಿಗೆ ಮಾಡಬೇಕು ಅಂತ ಕರ್ತನು ಮತ್ತಾಯ ಏಳರಲ್ಲಿ ಕಲಿಸಿದ. ಆತ ಅದನ್ನು ಸಲಹೆಯಾಗಿ ಕೊಡಲಿಲ್ಲ, ಧರ್ಮಶಾಸ್ತ್ರವೂ ಪ್ರವಾದನೆಯೂ ಇದೇ ಅಂದ.

ನಮ್ಮ ಸ್ಪೀಕರ್ ವಿಷಯನೂ ಹೇಳಿಬಿಡ್ತೀನಿ. ಎದುರು ಮನೆಯಲ್ಲಿ ವಯಸ್ಸಾದ ಅಜ್ಜಿ ಹಾಸಿಗೆ ಹಿಡಿದಿದ್ದಾರೆ. ಈ ವಾರದಿಂದ ಸೌಂಡ್ ಬಾಕ್ಸ್ ಒಳಮುಖ ಮಾಡಿ ಇಡೋಣ, ಕಿಟಕಿ ಮುಚ್ಚೋಣ. ದೇವರಿಗೆ ಕಿವಿ ಮಂದವಾಗಿಲ್ಲ. ಆರಾಧನೆ ಮುಗಿದಮೇಲೆ ಹಾಲ್ ನಮಗೆ ಸಿಕ್ಕಿದ್ದಕ್ಕಿಂತ ಚೊಕ್ಕಟವಾಗಿ ಬಿಟ್ಟು ಹೋಗೋಣ. ಆ ತೋರಣವನ್ನು ಯಾರೂ ಕೀಳಬೇಡಿ. ಅದು ನಿನ್ನೆಯ ಮನೆಯವರ ಸಂತೋಷ, ಅವರೇ ಬಂದು ತೆಗೀತಾರೆ. ಮಧ್ಯಾಹ್ನದ ನಂತರ ಇಲ್ಲಿಗೆ ಬೇರೆಯವರು ಬರ್ತಾರೆ. ಅವರಿಗೆ ಒಳಗೆ ಬಂದ ತಕ್ಷಣ, ಇಲ್ಲಿ ಯಾರೋ ದೇವರಿಗೆ ಭಯಪಡೋ ಜನ ಇದ್ರು ಅಂತ ಅನಿಸಬೇಕು. ಆಮೆನ್?

ಎದ್ದು ನಿಲ್ಲೋಣ. ಸ್ತುತಿ ತಂಡದವರು ಮೆಲ್ಲಗೆ ಬನ್ನಿ. ಓದೋದಕ್ಕೆ ಹೋಗ್ತಿರೋ ಮಕ್ಕಳು ಮುಂದೆ ಬನ್ನಿ. ದೂರದಲ್ಲಿರೋ ಮಕ್ಕಳ ಬದಲಿಗೆ ಅವರ ಅಪ್ಪ ಅಮ್ಮ ಬನ್ನಿ. ನಾನು ಒಬ್ಬಂಟಿಯಾಗಿ ಪ್ರಾರ್ಥಿಸೋದನ್ನು ಕಲಿತೇ ಇಲ್ಲ, ಇವತ್ತಿಂದ ಕಲೀಬೇಕು ಅನ್ನೋರು, ನಿಮಗೆ ಎಷ್ಟೇ ವಯಸ್ಸಾಗಿರಲಿ, ಬನ್ನಿ.

ಪರಲೋಕದ ತಂದೆಯೇ, ನಿನಗೆ ಸ್ತೋತ್ರ. ಈ ಮಕ್ಕಳನ್ನು ನಿನ್ನ ಕೈಗೆ ಒಪ್ಪಿಸ್ತೇವೆ. ಇವರಿಗೆ ದಾನಿಯೇಲನ ಮೊಣಕಾಲು ಕೊಡು, ದಾನಿಯೇಲನ ಮೃದುವಾದ ಮಾತು ಕೊಡು. ಖಾಲಿ ಕೋಣೆಗೆ ಇವರು ಖಾಲಿಯಾಗಿ ಹೋಗದ ಹಾಗೆ ಇವರನ್ನು ನಿನ್ನ ಆತ್ಮನಿಂದ ತುಂಬು. ಇವರ ಪಕ್ಕದಲ್ಲಿ ಕೂರೋ ಪ್ರತಿಯೊಬ್ಬರನ್ನೂ ಆಶೀರ್ವದಿಸು. ಇವರಿಗೆ ಬಾಗಿಲು ತೆರೆಯೋರನ್ನು ಆಶೀರ್ವದಿಸು. ನಮಗೆ ಈ ಹಾಲ್ ಕೊಟ್ಟ ಯಜಮಾನರನ್ನೂ ಅವರ ಮನೆತನವನ್ನೂ ಆಶೀರ್ವದಿಸು, ಕರ್ತನೇ.

ಬೀಗದ ಕೈ ನಮ್ಮ ಕೈಗೆ ಬಂದ ದಿನ ನಾವು ಮರೆಯದ ಹಾಗೆ ನಮ್ಮ ಹೃದಯದಲ್ಲಿ ಬರೆದಿಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ನಮ್ಮ ಜೀವವುಳ್ಳ ತಂದೆಯೇ, ಆಮೆನ್. ಆಮೆನ್.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಕುರ್ಚಿ ಜೋಡಿಸೋಕೆ ನಾಲ್ಕು ಜನ ಉಳ್ಕೊಳ್ಳಿ.